ಕುಡಿತ ಬಿಟ್ಟ ಮೇಲೆ ಉಳಿದದ್ದು

ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆದವರು ತಮ್ಮ ಅನುಭವವನ್ನು ಬರೆಯುವಾಗ ಕೈನಡುಕ, ವಾರ್ಡಿನ ರಾತ್ರಿಗಳು, ಮನೆಯವರ ಕಣ್ಣೀರು ಇವುಗಳ ಬಗ್ಗೆ ಬರೆಯುತ್ತಾರೆ. ಅವೆಲ್ಲ ನನ್ನ ಪಾಲಿಗೂ ಬಂದಿದ್ದವು. ಆದರೆ ನಾನು ಇಲ್ಲಿ ಹೇಳಬೇಕೆಂದಿರುವುದು ಕುಡಿತದ ಜೊತೆಗೇ ಬೆಳೆದು, ಕುಡಿತ ನಿಂತ ಮೇಲೂ ನಿಲ್ಲದೆ ಉಳಿದ ಇನ್ನೊಂದು ಗೀಳಿನ ವಿಷಯ. ಅದು ಲೈಂಗಿಕ ವರ್ತನೆಯ ಗೀಳು. ವ್ಯಸನ ಚಿಕಿತ್ಸೆಯ ಕೋಣೆಗಳಲ್ಲಿ ಇದನ್ನು ಕೇಳುವವರು ಕಡಿಮೆ, ತಾನಾಗಿ ಹೇಳಿಕೊಳ್ಳುವವರು ಇನ್ನೂ ಕಡಿಮೆ. ಈ ಎರಡೂ ಗೀಳುಗಳು ಒಂದೇ ನಂಬಿಕೆಯಿಂದ ಹುಟ್ಟಿದ್ದವು ಎಂಬುದನ್ನು ನಾನು ತಿಳಿದುಕೊಂಡ ಬಗೆಯನ್ನು, ಇದೇ ಸ್ಥಿತಿಯಲ್ಲಿ ಬಾಯಿ ಕಟ್ಟಿಕೊಂಡು ಕುಳಿತಿರುವ ಯಾರಿಗಾದರೂ ಉಪಯೋಗವಾದೀತೆಂದು, ಆದಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಮನೆ ನಾಗರಬಾವಿಯ ಕಡೆ. ಮೊದಲ ಸಲ ನನ್ನನ್ನು ಸೇರಿಸಿದ್ದು ಊರ ಹೊರಗಿನ ಒಂದು ಖಾಸಗಿ ಡಿ-ಅಡಿಕ್ಷನ್ ಸೆಂಟರಿಗೆ. ದಿನವೂ ಕುಡಿಯುತ್ತಿದ್ದವರು ಹಠಾತ್ತಾಗಿ ನಿಲ್ಲಿಸಿದಾಗ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಅಥವಾ ಸನ್ನಿ ಬರುವ ಅಪಾಯವಿರುತ್ತದೆ. ಅದಕ್ಕೆ ಬೇಕಾದ ಮಾತ್ರೆಗಳನ್ನೂ ಥಯಮಿನ್ (ಬಿ1 ಜೀವಸತ್ವ) ಇಂಜೆಕ್ಷನ್ನುಗಳನ್ನೂ ಅಲ್ಲಿ ಸರಿಯಾಗಿಯೇ ಕೊಟ್ಟರು. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಗುಂಪು ಮಾತುಕತೆ, ಸಂಜೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂಬ ಉಪದೇಶ. ಮನೆಗೆ ಬಂದಾಗ ನಾನು ಕುಡಿಯುತ್ತಿರಲಿಲ್ಲ. ಆದರೆ ಮೊದಲು ಬಾಟಲಿಗೆ ಹೋಗುತ್ತಿದ್ದ ರಾತ್ರಿಗಳು ಈಗ ಪೂರ್ತಿಯಾಗಿ ಮೊಬೈಲಿಗೆ ಹೋಗತೊಡಗಿದವು. ಅಶ್ಲೀಲ ವಿಡಿಯೊಗಳಿಂದ ಶುರುವಾಗಿ, ನಿಮಿಷಕ್ಕಿಷ್ಟು ಎಂದು ಹಣ ಕೊಟ್ಟು ಮಾತಾಡುವ ಆ್ಯಪ್‌ಗಳು, ಆಮೇಲೆ ಹಣ ಕೊಟ್ಟು ಅಪರಿಚಿತರನ್ನು ಭೇಟಿಯಾಗುವುದು. ಇದು ಕುಡಿತದ ದಿನಗಳಲ್ಲೂ ಇತ್ತು, ಆಗ ‘ಕುಡಿದ ಅಮಲಿನಲ್ಲಿ’ ಎಂಬ ವಿವರಣೆ ಸಿಗುತ್ತಿತ್ತು. ಈಗ ಅಮಲಿರಲಿಲ್ಲ, ವರ್ತನೆ ಮಾತ್ರ ಇತ್ತು. ಅದರಲ್ಲಿ ಸುಖವೂ ಉಳಿದಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಫೋನು ಕೆಳಗಿಟ್ಟಾಗ ಬರುತ್ತಿದ್ದ ಅಸಹ್ಯವನ್ನು ತಡೆಯಲಾಗದೆ ಕೊನೆಗೆ ಒಂದು ದಿನ ಮತ್ತೆ ಕುಡಿದೆ. ಮನೆಯವರಿಗೆ ಕಂಡದ್ದು ಕುಡಿತ ಮರಳಿ ಬಂದದ್ದಷ್ಟೇ.

ಎರಡನೆಯ ಸಲ ಹೋದದ್ದು ನಗರದ ಬೇರೊಂದು ಆಸ್ಪತ್ರೆಯ ವ್ಯಸನ ವಿಭಾಗಕ್ಕೆ. ಅಲ್ಲಿನ ಮನೋವೈದ್ಯರು ನಿದ್ದೆ, ಹಸಿವು, ಸಾಲ, ಸಿಗರೇಟು ಎಂದು ಒಂದೊಂದಾಗಿ ಕೇಳುತ್ತ, ಅದೇ ದನಿಯಲ್ಲಿ, “ಲೈಂಗಿಕ ವಿಷಯದಲ್ಲಿ ನಿಮ್ಮ ಹಿಡಿತ ತಪ್ಪಿದೆ ಅಂತ ಯಾವತ್ತಾದರೂ ಅನ್ನಿಸಿದೆಯಾ?” ಎಂದು ಕೇಳಿದರು. ನಾನು ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದೆ. ಅವರು ಅದನ್ನು ಗಮನಿಸಿ ಅವಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ವಿನಂತಿಸಿಕೊಂಡರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿ ಹೇಳಿದ್ದನ್ನು ಗೋಪ್ಯವಾಗಿಡುವುದು ತಮ್ಮ ಕರ್ತವ್ಯ ಎಂದೂ, ಯಾರ ಪ್ರಾಣಕ್ಕಾದರೂ ಅಪಾಯವಿದ್ದಾಗ ಅದಕ್ಕೆ ವಿನಾಯಿತಿ ಇದೆ ಎಂದೂ ತಿಳಿಸಿದರು. ಆ ಒಂದು ಪ್ರಶ್ನೆಯನ್ನು ಮೊದಲ ಸೆಂಟರಿನಲ್ಲಿ ಯಾರಾದರೂ ಕೇಳಿದ್ದರೆ ನಡುವಿನ ತಿಂಗಳುಗಳು ಬೇರೆಯಾಗಿರುತ್ತಿದ್ದವು ಎಂದು ನಾನು ಈಗಲೂ ನಂಬುತ್ತೇನೆ.

ನಾನು ಹೇಳಿದೆ. ಅವರು ಎಷ್ಟು ಸಲ, ಎಲ್ಲಿ, ಯಾರ ಜೊತೆ ಎಂದು ಕೆದಕಲಿಲ್ಲ. ಬಿಡಬೇಕೆಂದು ಪ್ರಯತ್ನಿಸಿ ಸೋತಿದ್ದೇನೆಯೇ, ಕೆಲಸ, ಆರೋಗ್ಯ, ಸಂಸಾರ ಬದಿಗೆ ಸರಿದಿವೆಯೇ, ತೃಪ್ತಿ ಸಿಗದಿದ್ದರೂ ಮುಂದುವರಿಸುತ್ತಿದ್ದೇನೆಯೇ, ಇದು ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇದೆಯೇ ಎಂದು ಕೇಳಿದರು. ನಿದ್ದೆಯೇ ಇಲ್ಲದೆ ದಿನಗಟ್ಟಲೆ ವಿಪರೀತ ಹುರುಪಿನಿಂದ ಇದ್ದದ್ದುಂಟೇ ಎಂದೂ ಕೇಳಿದರು. ಉನ್ಮಾದದ ಕಾಯಿಲೆಯಲ್ಲಿಯೂ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದಲೂ ಇಂತಹ ವರ್ತನೆ ಬರಬಹುದಾದ್ದರಿಂದ ಅವುಗಳನ್ನು ಮೊದಲು ತಳ್ಳಿಹಾಕಬೇಕಂತೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ, ಐಸಿಡಿ-11, 2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ಈ ತೊಂದರೆಗೆ ಪ್ರತ್ಯೇಕ ಸ್ಥಾನವಿದೆ. ಆದರೆ ಅದನ್ನು ಮದ್ಯ, ಜೂಜುಗಳ ವ್ಯಸನದ ಸಾಲಿನಲ್ಲಿ ಇಡದೆ, ತುಡಿತ ಬಂದಾಗ ತಡೆಯಲಾಗದ ವರ್ತನೆಗಳ ಗುಂಪಿನಲ್ಲಿ ಇಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಸೇರಿಸಿಕೊಳ್ಳಲಿಲ್ಲ. ತಜ್ಞರ ನಡುವೆ ಚರ್ಚೆ ಇನ್ನೂ ಮುಗಿದಿಲ್ಲ ಎಂಬುದನ್ನು ವೈದ್ಯರು ಮುಚ್ಚಿಡಲಿಲ್ಲ.

ಅವರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಮುಖ್ಯವಾಯಿತು. ಒಬ್ಬ ವ್ಯಕ್ತಿ ತನ್ನ ಲೈಂಗಿಕ ಆಸೆಗಳನ್ನು ಪಾಪವೆಂದು ಭಾವಿಸಿ ಸಂಕಟಪಡುತ್ತಿದ್ದರೆ, ಆ ಸಂಕಟವೊಂದರಿಂದಲೇ ಅದನ್ನು ಕಾಯಿಲೆ ಎನ್ನುವಂತಿಲ್ಲ ಎಂದು ಅದೇ ವರ್ಗೀಕರಣ ಸ್ಪಷ್ಟವಾಗಿ ಹೇಳುತ್ತದೆ. ಆಸೆ ಇರುವುದು ಕಾಯಿಲೆಯಲ್ಲ. ಹಿಡಿತ ತಪ್ಪಿ ಬದುಕು ಕೆಡುವುದು ಕಾಯಿಲೆ. ಅಲ್ಲಿಯವರೆಗೆ ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊತ್ತಿದ್ದೆ.

ಪರೀಕ್ಷೆಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡಿಸಿಕೊಂಡೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಮೊದಲೂ ಆಮೇಲೂ ಆಪ್ತಸಮಾಲೋಚಕರು ಕೂತು ಮಾತಾಡುತ್ತಾರೆ. ಯಕೃತ್ತಿನ ಪರೀಕ್ಷೆಯ ನಂತರ ನಾಲ್ಟ್ರೆಕ್ಸೋನ್ ಮಾತ್ರೆ ಶುರುವಾಯಿತು. ಅದು ಕುಡಿತದ ತುಡಿತವನ್ನು ತಗ್ಗಿಸಲು ಕೊಡುವ ಔಷಧಿ; ಲೈಂಗಿಕ ಗೀಳಿನಲ್ಲಿಯೂ ಕೆಲವರಿಗೆ ನೆರವಾಗಿದೆ, ಆದರೆ ಅದಕ್ಕೆ ಆಧಾರ ಇನ್ನೂ ಸಣ್ಣದು ಎಂದರು.

ಆಮೇಲೆ ನನ್ನನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿಗೆ ಕಳಿಸಿದರು. ಕನ್ನಡದಲ್ಲೇ ಮಾತಾಡುವ, ಮಾತಿಗಿಂತ ಹೆಚ್ಚು ಕೇಳಿಸಿಕೊಳ್ಳುವ ಮೇಡಂ. ಮೊದಲ ವಾರಗಳಲ್ಲಿ ಅವರು ನನಗೆ ಯಾವ ಸಲಹೆಯನ್ನೂ ಕೊಡಲಿಲ್ಲ. ಪ್ರಶ್ನಾವಳಿಯೊಂದನ್ನು ಕೊಟ್ಟರು. ಜೆಫ್ರಿ ಯಂಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಮನೋವೈದ್ಯ ಆರನ್ ಬೆಕ್ ಅವರ, ಯೋಚನೆಯ ಧಾಟಿಯನ್ನು ತಿದ್ದುವ ಚಿಂತನಾ ಚಿಕಿತ್ಸೆಯ ಪರಂಪರೆಯಿಂದ ಬಂದವರು, ಆ ಚಿಕಿತ್ಸೆಯಿಂದ ಸುಧಾರಿಸದೆ ಮತ್ತೆ ಮತ್ತೆ ಅದೇ ಸುಳಿಗೆ ಬೀಳುವ ರೋಗಿಗಳನ್ನು ಗಮನಿಸಿ, ಬಾಲ್ಯದಲ್ಲೇ ಬೇರುಬಿಟ್ಟ ಆಳವಾದ ನಂಬಿಕೆಗಳೇ ಇದಕ್ಕೆ ಕಾರಣವೆಂದು ವಾದಿಸಿದರು. ಆ ನಂಬಿಕೆಗಳಿಗೆ ಸ್ಕೀಮಾ ಎಂದು ಹೆಸರು. ಯಂಗ್ ಅಂತಹ ಹದಿನೆಂಟನ್ನು ಗುರುತಿಸಿದ್ದಾರೆ: ಎಲ್ಲರೂ ನನ್ನನ್ನು ಬಿಟ್ಟುಹೋಗುತ್ತಾರೆ, ಯಾರನ್ನೂ ನಂಬುವಂತಿಲ್ಲ, ನನ್ನಲ್ಲೇ ಏನೋ ದೋಷವಿದೆ, ನನಗೆ ಬೇಕಾದ ಪ್ರೀತಿ ಎಂದೂ ಸಿಗುವುದಿಲ್ಲ, ನಾನು ಸೋಲುವವನೇ, ಹೀಗೆ. ಪ್ರಶ್ನಾವಳಿಯ ಪ್ರತಿ ವಾಕ್ಯಕ್ಕೂ ಒಂದರಿಂದ ಆರರವರೆಗೆ ಅಂಕ ಕೊಡಬೇಕು. ಒಂದು ಎಂದರೆ ನನಗೆ ಸ್ವಲ್ಪವೂ ಅನ್ವಯಿಸದು, ಆರು ಎಂದರೆ ಇದು ನಾನೇ.

ಒಟ್ಟು ಅಂಕ ಎಷ್ಟು ಬಂತೆಂದು ನಾನು ಕೇಳಿದೆ, ಲೆಕ್ಕದವನ ಅಭ್ಯಾಸ. ಮೇಡಂ ಒಟ್ಟನ್ನು ಬದಿಗಿಟ್ಟು, ನಾನು ಐದು, ಆರು ಕೊಟ್ಟಿದ್ದ ವಾಕ್ಯಗಳಿಗೆ ಮಾತ್ರ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ಸುತ್ತುಗಳು ಮೂರು ಕಡೆ ಗುಂಪುಗುಂಪಾಗಿದ್ದವು. ದೋಷ ಮತ್ತು ನಾಚಿಕೆ, ಪ್ರೀತಿಯ ಕೊರತೆ, ಸ್ವನಿಯಂತ್ರಣದ ಕೊರತೆ. ಮೂರನೆಯದು ನನಗೆ ಗೊತ್ತಿತ್ತು. ಮೊದಲ ಎರಡನ್ನು ಯಾರಾದರೂ ಬಾಯಿಮಾತಿನಲ್ಲಿ ಕೇಳಿದ್ದರೆ, ನನಗೆ ಅಂಥದ್ದೇನೂ ಇಲ್ಲ, ಅಪ್ಪ ಅಮ್ಮ ಚೆನ್ನಾಗಿಯೇ ನೋಡಿಕೊಂಡರು ಎಂದುಬಿಡುತ್ತಿದ್ದೆ.

ಅಮೆರಿಕದಲ್ಲಿ ವಸತಿ ಚಿಕಿತ್ಸೆಗೆ ಸೇರಿದ ವ್ಯಸನಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಇಂತಹ ನಂಬಿಕೆಗಳಿಗೂ ಲೈಂಗಿಕ ಗೀಳಿಗೂ ಸಂಬಂಧ ಕಂಡುಬಂದಿದೆ ಎಂದು ಅವರು ಹೇಳಿದರು. ಜೊತೆಗೆ, ಸಂಬಂಧ ಇದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾದಂತಲ್ಲ. ನಿಮ್ಮ ವಿಷಯದಲ್ಲಿ ಹೇಗಿದೆ ಎಂಬುದನ್ನು ನಾವೇ ಹುಡುಕಬೇಕು ಎಂದರು. ಹುಡುಕುವ ದಾರಿ ಒಂದು ದಿನಚರಿ. ತುಡಿತ ಬಂದಾಗ, ಅದಕ್ಕೆ ಒಳಗಾದೆನೋ ಇಲ್ಲವೋ ಎಂಬುದಕ್ಕಿಂತ ಹೆಚ್ಚಾಗಿ, ಅದಕ್ಕೆ ಹಿಂದಿನ ಕೆಲವು ಗಂಟೆಗಳಲ್ಲಿ ಏನು ನಡೆಯಿತು, ಮನಸ್ಸಿನಲ್ಲಿ ಯಾವ ವಾಕ್ಯ ಹಾದುಹೋಯಿತು ಎಂದು ಬರೆಯಬೇಕು.

ಈ ದಿನಚರಿ ನನ್ನ ಕಣ್ಣು ತೆರೆಸಿತು. ಕಾಮದ ಆಸೆಯಿಂದ ಇದೆಲ್ಲ ನಡೆಯುತ್ತಿದೆ ಎಂದು ನಾನು ತಿಳಿದಿದ್ದೆ. ಬರೆದದ್ದನ್ನು ಓದಿದಾಗ ಆಸೆಯ ಸುಳಿವೇ ಹೆಚ್ಚಿನ ಕಡೆ ಇರಲಿಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನ ಮಾಲೀಕರು ಎಲ್ಲರೆದುರು ಒಂದು ತಪ್ಪು ತೋರಿಸಿದರು; ಆ ರಾತ್ರಿ ತುಡಿತ. ಹೆಂಡತಿ ಫೋನಿನಲ್ಲಿ ತನ್ನ ಅಕ್ಕನ ಜೊತೆ ನಗುತ್ತಿದ್ದಳು, ನಾನು ಒಳಗೆ ಬಂದಾಗ ಸುಮ್ಮನಾದಳು; ತುಡಿತ. ಅಣ್ಣ ಊರಿನಲ್ಲಿ ಮನೆ ಕಟ್ಟಿಸುತ್ತಿರುವ ಫೋಟೊ ಕಳಿಸಿದ; ತುಡಿತ. ಪ್ರತಿ ಸಲವೂ ನಡುವೆ ಒಂದೇ ಬಗೆಯ ವಾಕ್ಯ: ಇವರಿಗೆ ನಾನು ಬೇಕಾಗಿಲ್ಲ, ನನ್ನ ಒಳಗು ಗೊತ್ತಾದರೆ ಇರುವವರೂ ಇರುವುದಿಲ್ಲ. ಆ ವಾಕ್ಯ ಕೊಡುವ ನೋವನ್ನು ತಡೆಯಲು ಮೊದಲು ಕುಡಿತ, ಆಮೇಲೆ ಮೊಬೈಲು. ಅದು ಮುಗಿದ ಮೇಲೆ ಬರುವ ಅಸಹ್ಯವೇ ಆ ವಾಕ್ಯಕ್ಕೆ ಹೊಸ ಸಾಕ್ಷಿ. ನಾನು ಕೆಟ್ಟವನು ಎಂಬ ನಂಬಿಕೆಯಿಂದ ಓಡಿಹೋಗಲು ಹಿಡಿದ ದಾರಿಯೇ ಆ ನಂಬಿಕೆಯನ್ನು ಪ್ರತಿ ರಾತ್ರಿ ಗಟ್ಟಿ ಮಾಡುತ್ತಿತ್ತು.

ನಂಬಿಕೆ ಎಲ್ಲಿಂದ ಬಂತೆಂದು ಹುಡುಕುವಾಗ ನಾವು ರಾಜಾಜಿನಗರದ ಮಾವನ ಮನೆಗೆ ಬಂದು ನಿಂತೆವು. ತುರುವೇಕೆರೆ ಕಡೆಯ ಹಳ್ಳಿಯಿಂದ ನನ್ನನ್ನು ಐದನೆಯ ತರಗತಿಗೆ ಅಲ್ಲಿಗೆ ಓದಲು ಕಳಿಸಿದ್ದರು. ಅವರು ನನ್ನನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಬಂದವರಿಗೆಲ್ಲ ಮಾವ, “ನಮ್ಮ ಹಂಗಲ್ಲಿ ಓದ್ತಿರೋ ಹುಡುಗ” ಎಂದು ಪರಿಚಯಿಸುತ್ತಿದ್ದರು, ಅಷ್ಟೆ. ಊಟಕ್ಕೆ ಅವರ ಮಕ್ಕಳ ಸಾಲಿನ ಕೊನೆಯಲ್ಲಿ ಕೂರುತ್ತಿದ್ದೆ. ಅತ್ತೆ ಎರಡನೆಯ ಸಲ ಅನ್ನದ ಪಾತ್ರೆ ಹಿಡಿದು ಬರುವಷ್ಟರಲ್ಲೇ ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು ಅತ್ತೆ” ಎನ್ನುತ್ತಿದ್ದೆ. ಬೇಕೇ ಎಂದು ಅವರು ಕೇಳಿ, ಬೇಕು ಎಂದು ನಾನು ಹೇಳಿ, ಆಮೇಲೆ ಅವರ ಮುಖ ಹೇಗಾಗುತ್ತದೋ ನೋಡುವ ಧೈರ್ಯ ಇರಲಿಲ್ಲ. ಹಸಿವು ಇರುತ್ತಿತ್ತು. ಬೆರಳುಗಳನ್ನು ಅಗಲಿಸಿ, ಅಂಗೈ ಕೆಳಗೆ ಮಾಡಿ, ಅನ್ನದ ಬಿಸಿ ಅಂಗೈಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದೆ.

ಇದನ್ನು ಹೇಳಿದಾಗ ಮೇಡಂ ಕೇಳಿದರು: “ಬಾಟಲಿಗೂ ಆ ಆ್ಯಪ್‌ಗೂ ಹೋಗುವಾಗ ಯಾರನ್ನಾದರೂ ಕೇಳಬೇಕಾಗಿತ್ತಾ?”

ನನ್ನ ಚಿಕಿತ್ಸೆಯ ತಿರುವು ಎಂದು ಒಂದನ್ನು ತೋರಿಸುವುದಾದರೆ ಈ ಪ್ರಶ್ನೆಯನ್ನೇ ತೋರಿಸುತ್ತೇನೆ. ಎಂಆರ್‌ಪಿ ಅಂಗಡಿಯಲ್ಲಿ ಹಣ ಕೊಟ್ಟರೆ ಬಾಟಲಿ ಬರುತ್ತದೆ, ಹಂಗಿಲ್ಲ. ಹಣ ಕೊಟ್ಟು ಭೇಟಿಯಾದವರು ಆ ಒಂದು ಗಂಟೆ ಮುಖ ಸಿಂಡರಿಸುವುದಿಲ್ಲ, ಅಲ್ಲಿಯೂ ಹಂಗಿಲ್ಲ. ಪ್ರೀತಿ ಬೇಕು ಎಂದು ಹೆಂಡತಿಯನ್ನು ಕೇಳುವುದಕ್ಕೆ ನನಗೆ ಬರುತ್ತಿರಲಿಲ್ಲ, ಅವಳ ಬಳಿಯೂ ನಾನು ಮದುವೆಯಾದಂದಿನಿಂದ ತಟ್ಟೆಯ ಮೇಲೆ ಕೈ ಹಿಡಿದೇ ಕುಳಿತಿದ್ದೆ. ಪ್ಯಾಟ್ರಿಕ್ ಕಾರ್ನ್ಸ್ ಎಂಬ ಅಮೆರಿಕದ ಚಿಕಿತ್ಸಕ 1980ರ ದಶಕದಲ್ಲೇ ಲೈಂಗಿಕ ವ್ಯಸನಿಗಳ ಮೂಲ ನಂಬಿಕೆಗಳನ್ನು ಪಟ್ಟಿ ಮಾಡುತ್ತ, ಬೇರೆಯವರನ್ನು ಅವಲಂಬಿಸಿದರೆ ನನ್ನ ಅಗತ್ಯಗಳು ಎಂದೂ ಪೂರೈಸುವುದಿಲ್ಲ ಎಂಬುದನ್ನು ಅದರಲ್ಲಿ ಸೇರಿಸಿದ್ದರಂತೆ. ಅವರ ‘ವ್ಯಸನ’ ಎಂಬ ಪರಿಕಲ್ಪನೆಯನ್ನು ಎಲ್ಲ ತಜ್ಞರೂ ಒಪ್ಪುವುದಿಲ್ಲ. ಆ ಒಂದು ನಂಬಿಕೆಯ ಮಟ್ಟಿಗೆ ನಾನು ಒಪ್ಪುತ್ತೇನೆ.

ನಂತರದ ಕೆಲಸ ನಿಧಾನದ್ದು. ತುಡಿತ ಬಂದಾಗ ಅದರೊಂದಿಗೆ ಹೋರಾಡದೆ, ಅದು ದೇಹದಲ್ಲಿ ಎಲ್ಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಗಮನಿಸುತ್ತ ಕೂರುವ ಅಭ್ಯಾಸವನ್ನು ಕಲಿಸಿದರು. ಇದು ಅಲನ್ ಮಾರ್ಲಾಟ್ ಎಂಬ ಸಂಶೋಧಕ ವ್ಯಸನಿಗಳಿಗಾಗಿ ರೂಪಿಸಿದ ಕ್ರಮ. ನನ್ನ ಅನುಭವದಲ್ಲಿ ಅರ್ಧ ಗಂಟೆಯೊಳಗೆ ಅದು ಬಹುಪಾಲು ಇಳಿಯುತ್ತದೆ. ರಾತ್ರಿ ಹತ್ತರ ನಂತರ ಸ್ಮಾರ್ಟ್‌ಫೋನು ಅಡುಗೆಮನೆಯ ಕಪಾಟಿನಲ್ಲಿ, ಅಲಾರಾಂಗೆ ಹಳೆಯ ಕೀಪ್ಯಾಡ್ ಫೋನು. ಯುಪಿಐ ಜೋಡಿಸಿದ ಖಾತೆಯಲ್ಲಿ ವಾರದ ಖರ್ಚಿನಷ್ಟೇ ಹಣ. ನನ್ನ ಹೆಂಡತಿ ನನ್ನ ಫೋನನ್ನು ತಪಾಸಣೆ ಮಾಡುವುದು ಬೇಡ, ಅವರನ್ನು ಕಾವಲುಗಾರರನ್ನಾಗಿ ಮಾಡಬಾರದು ಎಂದು ಮೇಡಂ ಖಚಿತವಾಗಿ ಹೇಳಿದರು. ಆಸ್ಪತ್ರೆಯ ಗುಂಪು ಮಾತುಕತೆಯಲ್ಲಿದ್ದ ಒಬ್ಬ ಯುವಕನಿಗೆ ಕುಡಿತಕ್ಕಿಂತ ಮೊಬೈಲೇ ಮುಖ್ಯ ತೊಂದರೆಯಾಗಿದ್ದರಿಂದ ಅವನು ನಿಮ್ಹಾನ್ಸ್‌ನಲ್ಲಿ 2014ರಿಂದ ಇರುವ, ತಂತ್ರಜ್ಞಾನದ ಗೀಳಿಗೆಂದೇ ಮೀಸಲಾದ ‘ಶಟ್’ ಕ್ಲಿನಿಕ್ಕಿಗೆ ಹೋಗತೊಡಗಿದ.

ಅತ್ಯಂತ ಕಷ್ಟವಾದದ್ದು ಕುರ್ಚಿಗಳ ಅಭ್ಯಾಸ. ಎರಡು ಕುರ್ಚಿಗಳನ್ನು ಎದುರುಬದುರು ಇಡುತ್ತಾರೆ. ಒಂದರಲ್ಲಿ ಕುಳಿತು, ನನ್ನನ್ನು ನಾನು ಬೈದುಕೊಳ್ಳುವ ದನಿಯಲ್ಲೇ ಮಾತಾಡಬೇಕು: ನೀನು ಯಾರಿಗೂ ಬೇಡದವನು, ಹಂಗಿನಲ್ಲಿ ಬೆಳೆದವನು, ಈ ಕೆಲಸ ಮಾಡಿದ ಮೇಲೆ ನಿನಗೆ ಮನೆ ಯಾಕೆ. ಅದು ನಿರರ್ಗಳವಾಗಿ ಬಂತು. ಎದುರಿನ ಕುರ್ಚಿಗೆ ಹೋಗಿ ಅದಕ್ಕೆ ಉತ್ತರ ಕೊಡಬೇಕೆಂದಾಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆ ದಿನದ ಸಮಯವೆಲ್ಲ ಹಾಗೆಯೇ ಕಳೆಯಿತು. ಮುಂದಿನ ವಾರಗಳಲ್ಲಿ ಮೇಡಂ ಮೊದಲು ತಾವೇ ಆ ಕುರ್ಚಿಯಲ್ಲಿ ಕುಳಿತು ನನ್ನ ಪರವಾಗಿ ಉತ್ತರ ಕೊಟ್ಟರು: “ಐದನೇ ಕ್ಲಾಸಿನ ಹುಡುಗ ಊಟಕ್ಕೆ ಋಣಿಯಾಗಿರಬೇಕಾಗಿಲ್ಲ. ಮಕ್ಕಳಿಗೆ ಊಟ ಹಾಕುವುದು ದೊಡ್ಡವರ ಕೆಲಸ.” ಇಷ್ಟು ಸರಳವಾದ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಅದನ್ನು ನನ್ನದೇ ದನಿಯಲ್ಲಿ ಹೇಳಲು ತಿಂಗಳುಗಳು ಬೇಕಾದವು.

ಇಲ್ಲಿ ನಮ್ಮ ಜನರ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಕುಡಿತ ಬಿಡಿಸಲು ದೇವರ ಮುಂದೆ ಆಣೆ ಮಾಡಿಸುತ್ತಾರೆ, ಮಕ್ಕಳ ತಲೆ ಮುಟ್ಟಿಸುತ್ತಾರೆ. ಆಣೆಯಿಂದಲೇ ಬಿಟ್ಟವರನ್ನು ನಾನೂ ಬಲ್ಲೆ, ಅವರ ಶ್ರದ್ಧೆಯನ್ನು ಗೌರವಿಸುತ್ತೇನೆ. ಆದರೆ ತಾನು ಮೂಲದಲ್ಲೇ ಕೆಟ್ಟವನು ಎಂದು ನಂಬಿರುವವನಿಗೆ ಮುರಿದ ಆಣೆ ಮತ್ತೊಂದು ಸಾಕ್ಷಿಯಾಗುತ್ತದೆ. ನಾಚಿಕೆಪಡಿಸಿ ಇಂಥವನನ್ನು ತಿದ್ದಲು ಹೊರಟರೆ ಅವನ ಕಾಯಿಲೆಗೇ ಆಹಾರ ಕೊಟ್ಟಂತೆ. ಮನೆಯವರು ಕೋಪ ಮಾಡಿಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ನೀನು ಮಾಡಿದ್ದು ನನ್ನನ್ನು ನೋಯಿಸಿತು ಎನ್ನುವುದಕ್ಕೂ ನೀನು ಹುಟ್ಟಾ ಹಾಳು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೆಂಡತಿಗೆ ವಿಷಯ ತಿಳಿಸಿದ್ದು ಆಸ್ಪತ್ರೆಯಲ್ಲಿ, ಮೇಡಂ ಅವರ ಎದುರು. ಅವಳ ಆರೋಗ್ಯದ ಪ್ರಶ್ನೆಯೂ ಇದ್ದುದರಿಂದ ಅದನ್ನು ಮುಂದೂಡುವಂತಿರಲಿಲ್ಲ. ಅವಳು ಅಂದೇ ಪರೀಕ್ಷೆ ಮಾಡಿಸಿಕೊಂಡಳು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಯಲ್ಲಿ ಕಾಣದೇ ಇರಬಹುದಾದ್ದರಿಂದ ಮೂರು ತಿಂಗಳ ನಂತರ ಇಬ್ಬರೂ ಮತ್ತೊಮ್ಮೆ ಮಾಡಿಸಿದೆವು. ಎರಡು ಸಲವೂ ಸೋಂಕಿಲ್ಲವೆಂದು ಬಂತು. ನಡುವೆ ಅವಳು ಮೈಸೂರಿನಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದಳು. ಮರಳಿ ಬಂದ ಮೇಲೆ ನಾನು ಮಾವನ ಮನೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ರೀ, ಆ ಹುಡುಗನ ಬಗ್ಗೆ ನನಗೆ ಸಂಕಟ ಆಗುತ್ತೆ. ಆದರೆ ಇದನ್ನ ಕೇಳಿ ನನ್ನ ಕೋಪ ಕರಗಲಿ ಅಂತ ಮಾತ್ರ ಕಾಯಬೇಡಿ” ಎಂದಳು. ಅವಳು ಹೇಳಿದ್ದು ನ್ಯಾಯ. ನಂಬಿಕೆಯ ಬೇರು ಸಿಕ್ಕಿತೆಂದ ಮಾತ್ರಕ್ಕೆ ಅದರಿಂದ ಅವಳಿಗಾದ ಗಾಯ ಸಣ್ಣದಾಗುವುದಿಲ್ಲ ಎಂದು ಮೇಡಂ ಕೂಡ ನನಗೆ ಹೇಳಿದರು.

ಈಗ ನಾನು ಕುಡಿಯುತ್ತಿಲ್ಲ. ಆ ಆ್ಯಪ್‌ಗಳೂ ಭೇಟಿಗಳೂ ನಿಂತಿವೆ. ವಿಡಿಯೊಗಳ ಕಡೆ ಮನಸ್ಸು ಹೋಗುವ ರಾತ್ರಿಗಳು ಈಗಲೂ ಬರುತ್ತವೆ, ಬಂದಾಗ ದಿನಚರಿಯಲ್ಲಿ ಬರೆಯುತ್ತೇನೆ. ಪ್ರಶ್ನಾವಳಿಯನ್ನು ಮತ್ತೆ ತುಂಬಿಸಿದಾಗ ದೋಷ ಮತ್ತು ನಾಚಿಕೆಯ ಗುಂಪಿನಲ್ಲಿ ಸುತ್ತುಗಳು ಕಡಿಮೆಯಾಗಿದ್ದವು, ಪ್ರೀತಿಯ ಕೊರತೆಯ ಗುಂಪಿನಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಆದ್ದರಿಂದ ಈಗಿನ ಮನೆಗೆಲಸ ಕೇಳುವುದನ್ನು ಕಲಿಯುವುದು. ದಿನಕ್ಕೊಮ್ಮೆ ಯಾರನ್ನಾದರೂ ಏನನ್ನಾದರೂ ಕೇಳಬೇಕು, ಇಲ್ಲ ಎಂಬ ಉತ್ತರ ಬಂದರೆ ಆಗ ಮನಸ್ಸಿನಲ್ಲಿ ಏಳುವ ವಾಕ್ಯವನ್ನು ಬರೆದಿಡಬೇಕು. ಸಹೋದ್ಯೋಗಿಯೊಬ್ಬರನ್ನು ನನ್ನ ಲೆಕ್ಕದ ಹಾಳೆಯನ್ನು ಒಮ್ಮೆ ನೋಡಿಕೊಡುವಿರಾ ಎಂದು ಕೇಳಿದೆ, ನೋಡಿಕೊಟ್ಟರು. ಅಣ್ಣನನ್ನು ಚಿಕಿತ್ಸೆಯ ಖರ್ಚಿಗೆ ಸ್ವಲ್ಪ ಸಾಲ ಕೇಳಿದೆ. ಮನೆ ಕಟ್ಟಿಸುತ್ತಿರುವುದರಿಂದ ಆಗುವುದಿಲ್ಲ ಎಂದ. ಆ ರಾತ್ರಿಯ ತುಡಿತ ಜೋರಾಗಿತ್ತು, ಆದರೆ ಅಣ್ಣನ ಬಳಿ ಹಣವಿಲ್ಲ ಎಂಬುದಕ್ಕೂ ನಾನು ಬೇಡದವನು ಎಂಬುದಕ್ಕೂ ನಡುವೆ ಒಂದು ಅಂತರವಿರುವುದು ನನಗೆ ಕಾಣಿಸಿತು.

ಎದುರು ಕೂತು ಹೇಳಲು ಬಾಯಿ ಬಾರದವರು 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ; ಉಚಿತ, ಹಗಲಿರುಳು ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಆಸ್ಪತ್ರೆಗೆ ಹೋಗುವವರು, ವೈದ್ಯರು ಕೇಳಲಿ ಎಂದು ಕಾಯದೆ, ಕುಡಿತದ ಜೊತೆ ಇನ್ನೊಂದು ವಿಷಯವೂ ಇದೆ, ಒಬ್ಬನೇ ಇರುವಾಗ ಹೇಳುತ್ತೇನೆ ಎಂದಷ್ಟೇ ಹೇಳಿದರೂ ಸಾಕು.

ನಾಲ್ಟ್ರೆಕ್ಸೋನ್ ಇನ್ನೂ ಮುಂದುವರಿದಿದೆ. ಹೆಂಡತಿ ಬೇರೊಬ್ಬ ಆಪ್ತಸಮಾಲೋಚಕರ ಬಳಿ ತನ್ನ ಪಾಲಿನ ಮಾತಾಡುತ್ತಿದ್ದಾಳೆ, ಅಲ್ಲಿ ಏನು ಹೇಳುತ್ತಾಳೆಂದು ನಾನು ವಿಚಾರಿಸುವುದಿಲ್ಲ. ಇಬ್ಬರೂ ಒಟ್ಟಿಗೆ ಕೂರುವ ಸೆಷನ್‌ಗಳನ್ನು ಅವಳು ಸಿದ್ಧಳಾದ ಮೇಲೆ ಶುರುಮಾಡೋಣ ಎಂದು ಮೇಡಂ ಹೇಳಿದ್ದಾರೆ.